ಬಿಸಿಲಿನ ಕಂದಾಯ ಯಾರು ಕಟ್ಟಬೇಕು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಕೂಡು ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತು, ಬೋನಸ್ಸಿನ ಮಾತು, ಸಂತೆ ಸುಂಕದ ಮಾತು ಆಡಬೇಕಾದ ಈ ವೇದಿಕೆಯ ಮೇಲೆ ಮಳೆ ಬಿಸಿಲಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಹವಾಮಾನವೆಂಬುದು ಪಂಚಾಂಗದವರಿಗೆ, ಇಲ್ಲವೆ ವಿಜ್ಞಾನಿಗಳಿಗೆ ಬಿಟ್ಟ ವಿಷಯವೆಂದು ನಾವು ಬಹುಕಾಲ ತಿಳಿದಿದ್ದೆವು. ಆದರೆ ಇಂದು ಬಿಸಿಲೂ ಒಂದು ಕಂದಾಯವಾಗಿದೆ. ದುಡಿಯುವವನ ಮೈಯಿಂದ, ಅಂಗಡಿಕಾರನ ಗಲ್ಲಾದಿಂದ, ರೈತನ ಹೊಲದಿಂದ ಅದು ವಸೂಲಾಗುತ್ತಿದೆ. ಈ ಕಂದಾಯವನ್ನು ಹೇರಿದವರು ಒಬ್ಬರು, ಕಟ್ಟುತ್ತಿರುವವರು ಇನ್ನೊಬ್ಬರು. ಆದುದರಿಂದ ಇದು ಪಗಾರದ ಮಾತೇ ಎಂದು ತಿಳಿದು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲು ಸಂಗತಿ ಏನೆಂಬುದನ್ನು ನೋಡೋಣ. ಭೂಮಿಯ ಸುತ್ತ ಇರುವ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲ ಸ್ವಲ್ಪವೇ ಇದೆ. ಅದು ಕಂಬಳಿಯ ಕೆಲಸ ಮಾಡುತ್ತದೆ. ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ, ನೆಲದಿಂದ ಮೇಲೇಳುವ ಕಾವು ಪೂರಾ ಹೊರಗೆ ಹೋಗದಂತೆ ತಡೆಯುತ್ತದೆ. ಈ ಕಂಬಳಿ ಇಲ್ಲದಿದ್ದರೆ ನಾವು ಹೆಪ್ಪುಗಟ್ಟುತ್ತಿದ್ದೆವು. ಕಂಬಳಿ ದಪ್ಪವಾದರೆ ಬೇಯುತ್ತೇವೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿಸಿದಾಗಲೆಲ್ಲ ಈ ಅನಿಲ ಹುಟ್ಟುತ್ತದೆ. ಸ್ವೀಡನ್ನಿನ ಅರೇನಿಯಸ್ ಎಂಬ ವಿಜ್ಞಾನಿ 1896ರಲ್ಲಿಯೇ ಇದರ ಲೆಕ್ಕ ಹಾಕಿ ತೋರಿಸಿದನು. 1958ರಿಂದ ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ ಈ ಅನಿಲವನ್ನು ಅಳೆಯುತ್ತ ಬಂದಿದ್ದಾರೆ. ಉಗಿಯಂತ್ರಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲು ಇತ್ತು. 1958ರಲ್ಲಿ ಸುಮಾರು 315 ಇತ್ತು. 2024ರಲ್ಲಿ 420ನ್ನು ದಾಟಿತ್ತು. ಅಲ್ಲಿಯವರೆಗೆ ಅಳತೆ ಸಿಕ್ಕಿರುವ ವರ್ಷಗಳಲ್ಲೆಲ್ಲ ಅತಿ ಬಿಸಿಯಾದುದು ಆ 2024ನೆಯ ವರ್ಷವೇ. ಉಗಿಯಂತ್ರಗಳ ಮುಂಚಿನ ಕಾಲಕ್ಕಿಂತ ಭೂಮಿಯ ಸರಾಸರಿ ಕಾವು ಆ ವರ್ಷ ಒಂದೂವರೆ ಡಿಗ್ರಿಯಷ್ಟು ಮೇಲೇರಿತ್ತು.

"ಒಂದೂವರೆ ಡಿಗ್ರಿ ತಾನೆ, ನಮ್ಮ ಊರಿನಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸವಿರುತ್ತದೆ" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮನುಷ್ಯನ ಮೈಯ ಕಾವು ಒಂದೂವರೆ ಡಿಗ್ರಿ ಏರಿದರೆ ಅದನ್ನು ಜ್ವರವೆನ್ನುತ್ತೇವೆ, ಕೆಲಸಕ್ಕೆ ಹೋಗಲಾರೆವು. ಭೂಮಿಗೂ ಹಾಗೆಯೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೊಲದ ಹಸಿಯನ್ನು ಬೇಗ ಹೀರುವುದೂ ಅದೇ ಗಾಳಿ, ಒಂದೇ ಸಾರಿಗೆ ಕೊಡದಿಂದ ಸುರಿದಂತೆ ಸುರಿಯುವುದೂ ಅದೇ ಗಾಳಿ. ಬರವೂ ನೆರೆಯೂ ಒಂದೇ ಮನೆಯ ಮಕ್ಕಳಾಗಿರುವುದು ಹೀಗೆ.

ನಮ್ಮ ರಾಜ್ಯದ ಲೆಕ್ಕವನ್ನೇ ತೆಗೆದುಕೊಳ್ಳಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಬೆಳಗಾವಿ, ಬಾಗಲಕೋಟೆಯ ಊರುಗಳನ್ನು ಮುಳುಗಿಸಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಹೆಚ್ಚುಕಡಿಮೆ ಐದು ವರ್ಷದೊಳಗೆ ಇಷ್ಟೂ ನಡೆಯಿತು. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಬೇರೆ ಬೇರೆ ಕಾರಣಗಳೂ ಇರುತ್ತವೆ. ಗುಡ್ಡ ಕಡಿದವರ ಪಾಲೂ ಇದೆ, ಕೆರೆ ಮುಚ್ಚಿದವರ ಪಾಲೂ ಇದೆ. ಆದರೆ ಬಿಸಿಯಾದ ಗಾಳಿ ಈ ಎಲ್ಲ ತಪ್ಪುಗಳಿಗೂ ಬಡ್ಡಿ ಸೇರಿಸುತ್ತದೆ.

ಪೇಟೆಯ ಮಿತ್ರರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. 2019ರಲ್ಲಿ ಅಕಾಲದ ಮಳೆಗೆ ಈರುಳ್ಳಿ ಕೊಳೆತು, ಡಿಸೆಂಬರಿನ ಹೊತ್ತಿಗೆ ಕಿಲೋಗೆ 100 ರೂಪಾಯಿ ದಾಟಿತು. ಬೆಳೆದವನಿಗೆ ಕೊಳೆತ ಬೆಳೆ, ತಿನ್ನುವವನಿಗೆ ಸುಟ್ಟ ಬೆಲೆ. ನಡುವೆ ಕುಳಿತ ಸಣ್ಣ ಅಂಗಡಿಕಾರನಿಗೆ ಬೈಗಳು. ಬೆಳೆ ಕೆಟ್ಟ ವರ್ಷ ಹಳ್ಳಿಯವನು ಬಟ್ಟೆ ಕೊಳ್ಳುವುದಿಲ್ಲ, ಕೊಂಡರೆ ಉದ್ರಿ ಬರೆಸುತ್ತಾನೆ. ಉದ್ರಿ ಪುಸ್ತಕ ದಪ್ಪವಾದಷ್ಟೂ ಅಂಗಡಿ ತೆಳ್ಳಗಾಗುತ್ತದೆ. ಬಟ್ಟೆ ಮಾರದಿದ್ದರೆ ಗಿರಣಿಯಲ್ಲಿ ಪಾಳಿ ಕಡಿಮೆಯಾಗುತ್ತದೆ. ಹೊಲ, ಅಂಗಡಿ, ಗಿರಣಿ ಮೂರನ್ನೂ ಪೋಣಿಸಿರುವ ದಾರ ಒಂದೇ.

ಇನ್ನು ಮೂಕಪ್ರಾಣಿಗಳ ಮಾತು. ಅವುಗಳ ಕಥೆ ನಮಗೇಕೆ ಎನ್ನಬೇಡಿ. ಅವು ನಮ್ಮ ಮುಂದೆ ನಡೆಯುತ್ತಿವೆ ಅಷ್ಟೆ. 2018ರ ನವೆಂಬರ್ ಕೊನೆಯಲ್ಲಿ ಆಸ್ಟ್ರೇಲಿಯದ ಕೇರ್ನ್ಸ್ ಪಟ್ಟಣದ ಸುತ್ತ 42 ಡಿಗ್ರಿ ದಾಟಿದ ಬಿಸಿಲಿಗೆ, ಎರಡೇ ದಿನಗಳಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಸುಮಾರು 23 ಸಾವಿರ ಮರದಿಂದ ಉದುರಿ ಸತ್ತವು. ಆ ದೇಶದಲ್ಲಿದ್ದ ಆ ಜಾತಿಯ ಬಾವಲಿಗಳಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು. ಕಾಡಿನ ಮರಗಳ ಹೂವಿಗೆ ಪರಾಗ ಸಾಗಿಸುವ ಕೂಲಿ ಅವುಗಳದಾಗಿತ್ತು. ಕಡಲಾಮೆಯ ಮೊಟ್ಟೆಯಿಂದ ಹೊರಡುವುದು ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಕಾವೇ ತೀರ್ಮಾನಿಸುತ್ತದೆ. ಮರಳು ಬಿಸಿಯಾದರೆ ಹೆಣ್ಣು. ಅದೇ ಆಸ್ಟ್ರೇಲಿಯದ ಉತ್ತರ ಹವಳದ ದಂಡೆಯಲ್ಲಿ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ 99 ಹೆಣ್ಣೇ ಎಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಗಂಡಿಲ್ಲದ ಸಂತತಿ ಎಷ್ಟು ದಿನ? ನಮ್ಮ ಪಶ್ಚಿಮ ಕರಾವಳಿಯ ಭೂತಾಯಿ ಮೀನು ಹಿಂದೆ ಹೆಚ್ಚಾಗಿ ಮಲಬಾರಿನ ಕಡೆಗೇ ಸಿಕ್ಕುತ್ತಿತ್ತು. ಕಡಲು ಬಿಸಿಯಾದಂತೆ ಅದು ಉತ್ತರಕ್ಕೂ ಪೂರ್ವ ತೀರಕ್ಕೂ ಹರಡಿತೆಂದು ಮೀನುಗಾರಿಕೆಯ ವಿಜ್ಞಾನಿಗಳು ಬರೆದಿದ್ದಾರೆ. ಮೀನು ಈಜಿಕೊಂಡು ಹೋಗಬಲ್ಲದು. ಸಾಲದ ದೋಣಿ ಕಟ್ಟಿಕೊಂಡ ಮೊಗವೀರನು ತನ್ನ ಮನೆ ಮಠ ಬಿಟ್ಟು ಅದರ ಹಿಂದೆ ಎಲ್ಲಿಗೆ ಹೋದಾನು?

ಬಾವಲಿಗೆ ಒಂದು ಮಿತಿಯಿರುವಂತೆ ಮನುಷ್ಯನ ಮೈಗೂ ಒಂದು ಮಿತಿಯಿದೆ. ಆ ಮಿತಿ ಏನೆಂಬುದನ್ನು ಹತ್ತಿ ಗಿರಣಿಯವರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಆದುದರಿಂದ ಮಗ್ಗದ ಖಾತೆಯಲ್ಲಿ ನೀರು ಸಿಂಪಡಿಸಿ ಗಾಳಿಯನ್ನು ತೇವ ಮಾಡುತ್ತಾರೆ. ನೂಲಿಗೆ ಹಿತವಾದ ಗಾಳಿ ಮೈಗೆ ಅಹಿತ. ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಹೊರಗೆ ಸೂರ್ಯ, ಒಳಗೆ ಯಂತ್ರದ ಕಾವು, ಸುತ್ತಲೂ ತೇವ. ಇಂಥ ಕಡೆ ಬರಿಯ ಉಷ್ಣಮಾಪಕ ಸುಳ್ಳು ಹೇಳುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ನಿಜ ಹೇಳುತ್ತದೆ.

ಇಂಗ್ಲೆಂಡಿನ ಲ್ಯಾಂಕಶೈರಿನ ನೇಕಾರರು ಇದನ್ನು ನೂರಮೂವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಮಾಲೀಕರು ಮಗ್ಗದ ಮನೆಗೆ ಉಗಿ ಬಿಡುತ್ತಿದ್ದರು. ನೇಕಾರರು ಒಪ್ಪಲಿಲ್ಲ. ಅವರ ಗಲಾಟೆಯ ಫಲವಾಗಿ 1889ರಲ್ಲಿ ಕಾಯಿದೆಯೇ ಬಂದಿತು. ಎಷ್ಟು ಕಾವಿಗೆ ಎಷ್ಟು ತೇವ, ಅದಕ್ಕೆ ಮೀರಕೂಡದು ಎಂದು ಆ ಕಾಯಿದೆಯಲ್ಲಿ ಅಂಕಿಗಳ ಪಟ್ಟಿ ಹಾಕಿದರು. ಅಂಕಿ ಬರೆದ ಮೇಲೆ ಮಾಲೀಕನ ಮರ್ಜಿಗೆ ಬೇಲಿ ಬಿತ್ತು. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯ 13ನೆಯ ಕಲಮು ಕಾರ್ಮಿಕನಿಗೆ ಸಾಕಷ್ಟು ಹಿತವಾಗುವ ಉಷ್ಣತೆ ಇರಬೇಕೆಂದು ಹೇಳಿತ್ತು. ಎಷ್ಟು ಡಿಗ್ರಿ ಎಂಬುದನ್ನು ಆ ಕಲಮು ಹೇಳಲಿಲ್ಲ, ರಾಜ್ಯ ಸರ್ಕಾರಗಳಿಗೆ ಬಿಟ್ಟಿತು. 2020ರಲ್ಲಿ ಪಾರ್ಲಿಮೆಂಟು ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆಯನ್ನು ಅಂಗೀಕರಿಸಿತು. ಹಿತವೆಂದರೆ ಎಷ್ಟು ಎಂಬ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕಾಗಿದೆ.

ಈ ಪ್ರಶ್ನೆಯ ಬೆಲೆ ಎಷ್ಟು ಗೊತ್ತೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಂದು ವರದಿ ಪ್ರಕಟಿಸಿತು. 33, 34 ಡಿಗ್ರಿಯಲ್ಲಿ ಮಧ್ಯಮ ಶ್ರಮದ ಕೆಲಸಗಾರನ ಶಕ್ತಿ ಅರ್ಧಕ್ಕೆ ಇಳಿಯುತ್ತದೆಂದು ಅದು ಹೇಳಿತು. 2030ರ ಹೊತ್ತಿಗೆ ಭಾರತದ ಒಟ್ಟು ದುಡಿಮೆಯ ಗಂಟೆಗಳಲ್ಲಿ ನೂರಕ್ಕೆ 5.8ರಷ್ಟು ಕಾವಿಗೆ ಬಲಿಯಾಗುವುದೆಂದೂ, ಅದು 3 ಕೋಟಿ 40 ಲಕ್ಷ ಜನರ ಪೂರ್ಣ ಕೆಲಸಕ್ಕೆ ಸಮವೆಂದೂ ಅಂದಾಜು ಮಾಡಿತು. ತಿಂಗಳ ಸಂಬಳದವನಿಗೆ ಆ ಗಂಟೆ ಹೋದರೂ ಸಂಬಳ ಹೋಗದು. ತುಂಡುಗುತ್ತಿಗೆಯವನಿಗೆ, ಚೀಲದ ಲೆಕ್ಕಕ್ಕೆ ಹೊರುವ ಹಮಾಲಿಗೆ, ತಲೆಯ ಮೇಲೆ ಬುಟ್ಟಿ ಹೊತ್ತ ತರಕಾರಿಯ ತಾಯಿಗೆ ಹೋದ ಗಂಟೆ ಹೋಗಿಯೇ ಹೋಯಿತು. ಇದನ್ನೇ ನಾನು ಕಂದಾಯವೆಂದದ್ದು.

ಹೇರಿದವರು ಯಾರು? 1990ರಿಂದ 2015ರವರೆಗಿನ ಲೆಕ್ಕವನ್ನು ಆಕ್ಸ್‌ಫ್ಯಾಮ್ ಮತ್ತು ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ಸೇರಿ 2020ರಲ್ಲಿ ಹೊರತಂದವು. ಪ್ರಪಂಚದ ಅತಿ ಶ್ರೀಮಂತರಾದ ನೂರಕ್ಕೆ ಹತ್ತು ಜನರಿಂದ ಹೊರಟ ಅನಿಲ ಒಟ್ಟಿನಲ್ಲಿ ಅರ್ಧಕ್ಕೂ ಮಿಕ್ಕದ್ದು. ಬಡವರಾದ ಕೆಳಗಿನ ಅರ್ಧ ಜನರ ಪಾಲು ನೂರಕ್ಕೆ 7 ಮಾತ್ರ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್, ನಮ್ಮಲ್ಲಿ ಸುಮಾರು 2 ಟನ್. ನಮ್ಮ ಆ ಎರಡು ಟನ್ನಿನಲ್ಲಿಯೂ ಹತ್ತು ಕೋಣೆಗೆ ತಂಪು ಯಂತ್ರ ಹಾಕಿಸಿದವನ ಪಾಲು ಎಷ್ಟು, ಒಂದು ಬಲ್ಬಿನ ಮನೆಯವನ ಪಾಲು ಎಷ್ಟು? "ಭಾರತ ಬಡ ದೇಶ, ನಮ್ಮನ್ನು ಕೇಳಬೇಡಿ" ಎಂದು ಹೊರಗಿನವರ ಮುಂದೆ ಹೇಳುವ ನಮ್ಮ ಸಿರಿವಂತರು, ಒಂದು ಬಲ್ಬಿನವನ ಬೆನ್ನ ಹಿಂದೆ ಅವಿತುಕೊಂಡು ಮಾತನಾಡುತ್ತಾರೆ ಎಂಬುದನ್ನು ಮರೆಯಕೂಡದು.

ಮಳೆ ಕೊಡುವುದು ಬಿಡುವುದು ದೇವರ ಇಚ್ಛೆ, ಇದರಲ್ಲಿ ರಾಜಕೀಯವೇಕೆ ಎನ್ನುವವರಿದ್ದಾರೆ. ಅವರಿಗೆ ಧಾತು ಈಶ್ವರ ಬರವನ್ನು ನೆನಪು ಮಾಡಿಕೊಡುತ್ತೇನೆ. 1876ರಲ್ಲಿ ಮಳೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷ ಜನರಿದ್ದರು, 1881ರ ಗಣತಿಗೆ ಸುಮಾರು 42 ಲಕ್ಷ. ಅದೇ ಕಾಲದಲ್ಲಿ ಹಿಂದುಸ್ಥಾನದ ರೇವುಗಳಿಂದ ಧಾನ್ಯ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಮಳೆ ಕೊಡದಿದ್ದುದು ಆಕಾಶ, ಅನ್ನ ಕೊಡದಿದ್ದುದು ಆಡಳಿತ. ಇಂದು ಸ್ವರಾಜ್ಯ ಬಂದಿದೆ, ಪಡಿತರವಿದೆ, ಅಷ್ಟು ಜನ ಸಾಯುವುದಿಲ್ಲ. ಆದರೆ 2023ರ ಬರಕ್ಕೆ ಕರ್ನಾಟಕ ಸರ್ಕಾರ 18,171 ಕೋಟಿ ರೂಪಾಯಿ ಕೇಳಿ, ಕೊನೆಗೆ ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಿಡುಗಡೆಯಾದುದು 3,454 ಕೋಟಿ. ಅಷ್ಟು ಹೊತ್ತಿಗೆ ಇನ್ನೊಂದು ಬೇಸಗೆ ಬಂದಿತ್ತು.

ಹಾಗಾದರೆ ಕಲ್ಲಿದ್ದಲು ನಿಲ್ಲಿಸಿ ಕತ್ತಲಲ್ಲಿ ಕೂರೋಣವೆ? ಹಾಗೆ ಹೇಳುವುದು ಸಮಾಜವಾದವಲ್ಲ. ದೇಶದ ವಿದ್ಯುತ್ತಿನಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳಲ್ಲಿ ದುಡಿಯುವವರೂ ನಮ್ಮ ಅಣ್ಣತಮ್ಮಂದಿರೇ. ಇಂಧನ ಬದಲಾಗಲಿ, ಆದರೆ ಕೆಲಸಗಾರನನ್ನು ಬೀದಿಗೆ ಹಾಕಿ ಬದಲಾಗುವುದು ಬೇಡ. ಬೇರೆ ದಾರಿ ಇಲ್ಲವೆಂಬುದೂ ಸುಳ್ಳು. ಗೋಕಾಕದ ಗಿರಣಿ 1887ರಲ್ಲಿ ಜಲಪಾತದ ಬಲದಿಂದಲೇ ಹೊರಟಿತು. ಇಂದು ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಬಿಸಿಲಿನಿಂದಲೇ ವಿದ್ಯುತ್ ತೆಗೆಯುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಅಲ್ಲಿ ಜಮೀನಿನ ಒಡೆಯನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾದಾಗ, ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದವನ ಹೆಸರು ಯಾವ ಕರಾರಿನಲ್ಲಿಯೂ ಬರಲಿಲ್ಲ. ಮದ್ದು ಕೂಡ ಉಳ್ಳವರ ಬಾಗಿಲಿಗೆ ಮೊದಲು ಹೋಗುವುದಾದರೆ ರೋಗ ವಾಸಿಯಾಗದು.

ಅಹಮದಾಬಾದು ನಮ್ಮಂತೆಯೇ ಹತ್ತಿ ಗಿರಣಿಗಳ ಊರಾಗಿತ್ತು. 2010ರ ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿ ವಾಡಿಕೆಗಿಂತ 1,344 ಜನ ಹೆಚ್ಚಾಗಿ ಸತ್ತರೆಂದು ಲೆಕ್ಕ ಹಾಕಿದರು. ಲೆಕ್ಕ ಸಿಕ್ಕಿದ ಮೇಲೆ ನಗರಸಭೆ ಎಚ್ಚೆತ್ತು, 2013ರಲ್ಲಿ ಬಿಸಿಲಿನ ಯೋಜನೆ ಮಾಡಿತು: ಮುಂಚಿತವಾಗಿ ಎಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಯಲ್ಲಿ ಸಿದ್ಧತೆ. ನಮ್ಮಲ್ಲಿಯೂ ಒಂದು ಒಳ್ಳೆಯ ಪದ್ಧತಿ ಇದೆ. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುತ್ತ ಬಂದಿದ್ದಾರೆ. ಅದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ಒಂದೇ ಪ್ರಶ್ನೆ: ಗುಮಾಸ್ತನ ಮೈ ಬೇರೆ, ಹಮಾಲಿಯ ಮೈ ಬೇರೆಯೆ?

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇನೆ. ಒಂದು, ಪ್ರತಿ ಗಿರಣಿಯ ಪ್ರತಿ ಖಾತೆಯಲ್ಲಿ ಒಣ ಮತ್ತು ಒದ್ದೆ ಉಷ್ಣಮಾಪಕ ಎರಡನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಮಿತಿಯ ಅಂಕಿಯನ್ನು ನಿಯಮದಲ್ಲಿ ಬರೆಯಬೇಕು. ಅದು ಮೀರಿದರೆ ಪಗಾರ ಕಡಿಯದೆ ವಿಶ್ರಾಂತಿ ಕೊಡಬೇಕು. ಎರಡು, ಕೆಲಸದಲ್ಲಿ ಬಿಸಿಲು ಬಡಿದು ಬಿದ್ದವನಿಗೆ ಯಂತ್ರಕ್ಕೆ ಸಿಕ್ಕವನಂತೆಯೇ ಪರಿಹಾರ ಸಿಗಬೇಕು. ಮೂರು, ಮಾರುಕಟ್ಟೆಯಲ್ಲಿ ಮತ್ತು ಸಂತೆಯಲ್ಲಿ ನೆರಳು, ನೀರು ಒದಗಿಸಬೇಕು. ಸುಂಕ ತೆಗೆದುಕೊಳ್ಳುವ ಪುರಸಭೆಗೆ ಅದು ಧರ್ಮವಲ್ಲ, ಸಾಲ ತೀರುವಳಿ. ನಾಲ್ಕು, ಊರ ಕೆರೆಗಳ ಹೂಳೆತ್ತುವ ಕೆಲಸ ಬೇಸಗೆಗೆ ಮೊದಲೇ ಆಗಬೇಕು. ಆ ಕೂಲಿ ಬರದಲ್ಲಿ ಕೆಲಸ ಕಳೆದುಕೊಂಡವನಿಗೆ ಸಿಗಬೇಕು.

ಇವೆಲ್ಲ ಸಣ್ಣ ಬೇಡಿಕೆಗಳೆಂದು ಯಾರೂ ತಿಳಿಯಬೇಡಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಒಂದು ಕೊಳಗದ ಜಗಳ, ಮುಂದೆ ಉಳುವವನಿಗೆ ಭೂಮಿ ಎಂಬ ನಾಡಿನ ಮಾತಾಯಿತು. ಅಳತೆ ಒಡೆಯನ ಕೈಯಲ್ಲಿ ಇರುವವರೆಗೆ ನ್ಯಾಯ ಅವನ ಕೈಯಲ್ಲಿಯೇ ಇರುತ್ತದೆ. ಇಂದು ನಮ್ಮ ಕೊಳಗವೆಂದರೆ ಉಷ್ಣಮಾಪಕ. ನಾಳೆ ಪಾಳಿಗೆ ಹೋದಾಗ ಗೋಡೆಯ ಮೇಲೆ ಅದು ಇದೆಯೆ ನೋಡಿ. ಇದ್ದರೆ ದಿನಾಂಕ, ಗಂಟೆ, ಡಿಗ್ರಿ ಬರೆದುಕೊಂಡು ಬನ್ನಿ. ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಆ ಲೆಕ್ಕವನ್ನು ಮುಂದಿಟ್ಟುಕೊಂಡೇ ಮಾತನಾಡೋಣ.