ಬಂಡೆ ಪಕ್ಕದ ವಿಷ್ಣುಕ್ರಾಂತಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಕಂಪ್ಯೂಟರ್ ಕೆಲಸದವನು. ಆದರೂ ಇವತ್ತು ಒಂದು ಸಣ್ಣ ಗಿಡದ ಬಗ್ಗೆ ಮಾತಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿದ್ದಾಗ, ಮಳೆಗಾಲದ ಒಂದು ಬೆಳಿಗ್ಗೆ, ವಿಜ್ಞಾನದ ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ಶಾಸನ ನೋಡಿ ಬರುವಾಗ, "ಕಾಲ ಕೆಳಗೆ ನೋಡ್ರೋ, ತುಳೀಬೇಡ್ರಿ" ಎಂದರು. ಬಂಡೆ ಪಕ್ಕದ ಗರಸು ಮಣ್ಣಿನಲ್ಲಿ ಉಗುರಿನಷ್ಟಗಲದ ನೀಲಿ ಹೂವು. ಅದೇ ವಿಷ್ಣುಕ್ರಾಂತಿ.

ಹಿಮಾಲಯದ ಎತ್ತರದಲ್ಲಿ ಎಷ್ಟೋ ಹೂಗಿಡಗಳು ಚಳಿಗಾಳಿ ತಡೆಯಲು ನೆಲಕ್ಕಂಟಿ ಬೆಳೆಯುತ್ತವೆ. ನಮ್ಮಲ್ಲಿ ಬಿಸಿಲು, ಬರ. ವಿಷ್ಣುಕ್ರಾಂತಿಯೂ ನೆಲ ಹಿಡಿದೇ ಹರಡುತ್ತದೆ. ಎಲೆಯ ಮೇಲೆ ನಮ್ಮ ಮೊಳಕಾಲ್ಮೂರು ರೇಷ್ಮೆ ಎಳೆಯಂಥ ಕೂದಲು. ಅದು ನೀರು ಆರದಂತೆ ಕಾಯುತ್ತದೆ. ಬೇರು ಕಟ್ಟಿಗೆಯಂತೆ ಗಟ್ಟಿ. ಮೇಲಿನದು ಒಣಗಿದರೂ ಮಳೆ ಬಿದ್ದರೆ ಅಲ್ಲಿಂದಲೇ ಚಿಗುರುತ್ತದೆ. ಬೆಳಿಗ್ಗೆ ಅರಳಿದ ಹೂವು ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಇದು ಗೆಣಸಿನ ಕುಟುಂಬದ್ದು. ಆ ಕುಟುಂಬದ ಅನೇಕ ಬಳ್ಳಿಗಳು ಸಿಕ್ಕಿದ್ದಕ್ಕೆ ಸುತ್ತಿಕೊಳ್ಳುತ್ತವೆ, ಇದು ಸುತ್ತಿಕೊಳ್ಳುವುದಿಲ್ಲ. ಅದಕ್ಕೇ ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಇವಾಲ್ವ್ಯುಲಸ್, ಅಂದರೆ ಸುತ್ತು ಬಿಚ್ಚಿಕೊಂಡದ್ದು.

ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ, ಊರಿನ ನೆನಪಿಗೆಂದು ಒಂದು ಗಿಡ ಕಿತ್ತುಕೊಂಡು ಹೋದೆ. ಕೀಳುವಾಗಲೇ ಬೇರು ತುಂಡಾಯಿತು. ಕುಂಡದಲ್ಲಿಟ್ಟು ದಿನಾ ನೀರು ಹಾಕಿದೆ. ಎರಡು ವಾರಕ್ಕೆ ಕೊಳೆಯಿತು. ಮೇಷ್ಟ್ರಿಗೆ ಫೋನ್ ಮಾಡಿದೆ. "ಊರು ಬಿಡಿಸಿ ಉಪಚಾರ ಮಾಡಿದ್ಯೇನಪ್ಪಾ" ಎಂದರು. ಆಮೇಲೆ ನಾನು ಕಿತ್ತಿಲ್ಲ.

ಮೇಷ್ಟ್ರು ಈಗಿಲ್ಲ. ಈಚೆಗೆ ಅದೇ ಜಾಗಕ್ಕೆ ಹೋಗಿದ್ದೆ. ಯಾರೋ ಹುಲ್ಲಿಗೆ ಬೆಂಕಿ ಹಾಕಿದ್ದರು. ಸುಟ್ಟ ಜಾಗದ ಅಂಚಿನಲ್ಲಿ ಎರಡು ಹೂವು ಉಳಿದಿದ್ದವು. ಜೊತೆಗೆ ಬಂದಿದ್ದ ಹುಡುಗನಿಗೆ ಅದರ ಹೆಸರು ಗೊತ್ತಿರಲಿಲ್ಲ. ಬೇರಿದ್ದರೆ ಗಿಡ ಚಿಗುರೀತು. ಹೇಳಿಕೊಡುವವರಿಲ್ಲದಿದ್ದರೆ ಹೆಸರು ಉಳಿಯುವುದಿಲ್ಲ.

ಅದಕ್ಕೆ ನನ್ನದೊಂದು ಕೋರಿಕೆ. ಶಾಲೆಯಲ್ಲಿ ಒಂದು ರಿಜಿಸ್ಟರ್ ಇಡೋಣ. ಪ್ರತಿ ಮಳೆಗಾಲ ಒಂಬತ್ತನೇ ತರಗತಿಯ ಮಕ್ಕಳು ಗುಡ್ಡಕ್ಕೆ ಹೋಗಿ ಯಾವ ಗಿಡ ಎಲ್ಲಿ ಕಂಡಿತು, ಯಾವತ್ತು ಹೂ ಬಿಟ್ಟಿತು ಎಂದು ಬರೆಯಲಿ. ಮನೆಯ ಅಜ್ಜ ಅಜ್ಜಿ ಹೇಳುವ ಹೆಸರೂ ಸೇರಲಿ. ಅದರ ಖರ್ಚು ನನಗಿರಲಿ. ಗುಡ್ಡಕ್ಕೆ ಬೆಂಕಿ ಬೀಳದಂತೆ ಊರಿನ ಹಿರಿಯರು ನೋಡಿಕೊಳ್ಳಬೇಕು.

1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ನಮ್ಮ ಅಶೋಕನ ಶಾಸನ, ಶಿಷ್ಯರು ಗುರುವನ್ನು ಗೌರವಿಸಬೇಕು ಎನ್ನುತ್ತದೆ. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಹುದು ಎಂದೂ ಹೇಳುತ್ತದೆ. ರಿಜಿಸ್ಟರಿನ ಮೊದಲ ಪುಟದಲ್ಲಿ ನಮ್ಮ ಮೇಷ್ಟ್ರ ಹೆಸರಿರಲಿ. ಎರಡನೇ ಪುಟದಿಂದ ಮಕ್ಕಳು ಬರೆಯಲಿ.