ಐಬು ಮುಚ್ಚಿ, ಗಾಯ ಮುಚ್ಚಬೇಡಿ

(ಆಳಂದ, ಅಫಜಲಪುರ ಮತ್ತು ಜೇವರ್ಗಿಯಲ್ಲಿ ಮೂರು ಶುಕ್ರವಾರಗಳಂದು ಮಾಡಿದ ಜುಮಾ ಬಯಾನಿನ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಮತ್ತು ಅನುಗ್ರಹಗಳಿರಲಿ.



ಮಸೀದಿಯಲ್ಲಿ ಆಡಲು ಸಂಕೋಚವಾಗುವ ಒಂದು ಮಾತನ್ನು ಇಂದು ಆಡುತ್ತೇನೆ. ಕೆಲವು ದಿನಗಳ ಹಿಂದೆ ಫಜ್ರ್ ನಮಾಝ್ ಮುಗಿಸಿ ಹೊರಬಂದಾಗ ಒಬ್ಬ ತಾಯಿ ಒಂದು ಬಾಟಲಿ ನೀರು ಹಿಡಿದು ಬಾಗಿಲ ಬಳಿ ನಿಂತಿದ್ದರು. ನೀರಿಗೆ ಓದಿ ಊದಿಕೊಡಬೇಕು ಎಂದರು. ಯಾರಿಗೆ, ಏನಾಗಿದೆ ಎಂದು ಕೇಳಿದರೆ ಮೊದಲು ಹೇಳಲಿಲ್ಲ. ಮತ್ತೆ ಕೇಳಿದಾಗ ಅತ್ತರು. ಮಗ ರಾತ್ರಿ ಗೆಳೆಯರೊಂದಿಗೆ ಕುಡಿದು ಬಂದಿದ್ದಾನೆ, ಕಟ್ಟೆಯಿಂದ ಬಿದ್ದು ತಲೆಯ ಹಿಂಭಾಗ ಒಡೆದಿದೆ, ಅರಿಶಿನ ಒತ್ತಿ ಬಟ್ಟೆ ಕಟ್ಟಿದ್ದೇನೆ, ಎರಡು ಸಲ ವಾಂತಿ ಮಾಡಿ ಮಲಗಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದರು. ದವಾಖಾನೆಗೆ ಏಕೆ ಒಯ್ಯಲಿಲ್ಲ ಎಂದೆ. ಒಯ್ದರೆ ಕುಡಿದದ್ದು ಊರಿಗೆಲ್ಲ ಗೊತ್ತಾಗುತ್ತದೆ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂದರು.

ನೀರಿಗೆ ಆಮೇಲೆ ಓದೋಣ, ಮೊದಲು ಗಾಡಿ ತರೋಣ ಎಂದೆ. ಅಲ್ಲಾಹನ ಕೃಪೆಯಿಂದ ಆ ಹುಡುಗ ಉಳಿದ. ಆದರೆ ಆ ತಾಯಿಯ ಮಾತು ನನ್ನನ್ನು ಬಿಡಲಿಲ್ಲ. ನಾವು ಕುಡಿತವನ್ನು ಎಷ್ಟು ಬೈದಿದ್ದೇವೆಂದರೆ, ಮಗನ ಒಡೆದ ತಲೆಯನ್ನು ತೋರಿಸಲಿಕ್ಕೂ ತಾಯಿ ಹೆದರುತ್ತಾಳೆ. ಬೈದದ್ದು ತಪ್ಪಲ್ಲ, ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನು ಕಲಿಸಬೇಕಿತ್ತು. ಅದನ್ನು ನಾವು ಕಲಿಸಲಿಲ್ಲ.

ಸಹೋದರರೇ, ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದು ಎಂದು ಕುರ್‌ಆನ್ ಮೊದಲು ತಿಳಿಸಿತು (ಅಲ್‌ಬಕರಃ 2:219). ಆಮೇಲೆ, ಅಮಲಿನಲ್ಲಿ ನಮಾಝಿನ ಹತ್ತಿರ ಬರಬಾರದೆಂದಿತು (ಅನ್ನಿಸಾ 4:43). ಕೊನೆಗೆ ಅದನ್ನು ಶೈತಾನನ ಹೊಲಸು ಕೆಲಸವೆಂದು ಕರೆದು, ಪೂರ್ತಿಯಾಗಿ ದೂರವಿರಲು ಆಜ್ಞಾಪಿಸಿತು (ಅಲ್‌ಮಾಇದಃ 5:90). ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆದರೆ ಕುಡಿತ ನಿಲ್ಲಲಿಲ್ಲ. ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಮುಂಬೈ, ಪುಣೆಗೆ ದುಡಿಯಲು ಹೋದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಮೂರೂ ತಾಲೂಕುಗಳಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಮೊಹಲ್ಲಾ ಇದಕ್ಕೆ ಹೊರತು ಎಂದು ಯಾರೂ ಎದೆ ತಟ್ಟಿಕೊಳ್ಳಬೇಡಿ.

ಹಾಗಾದರೆ ಕುಡಿದು ಬಿದ್ದವನೊಂದಿಗೆ ಹೇಗಿರಬೇಕು? ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ಇದೆ. ಪ್ರವಾದಿ(ಸ)ರ ಕಾಲದಲ್ಲಿ ಅಬ್ದುಲ್ಲಾಹ್ ಎಂಬೊಬ್ಬರಿದ್ದರು. ಜನ ಅವರನ್ನು ಹಿಮಾರ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಅವರು ಪ್ರವಾದಿ(ಸ)ರನ್ನು ನಗಿಸುತ್ತಿದ್ದರು. ಕುಡಿದದ್ದಕ್ಕಾಗಿ ಅವರಿಗೆ ಶಿಕ್ಷೆಯೂ ಆಗಿತ್ತು. ಮತ್ತೊಮ್ಮೆ ಅದೇ ತಪ್ಪಿಗೆ ಅವರನ್ನು ಕರೆತಂದಾಗ ಅಲ್ಲಿದ್ದ ಒಬ್ಬರು, ಎಷ್ಟು ಸಲ ಇದೇ ಆಯಿತು ಎಂದು ಶಪಿಸಿದರು. ಪ್ರವಾದಿ(ಸ) ತಡೆದರು. ಶಪಿಸಬೇಡಿ, ಈತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನು ಎಂಬ ಅರ್ಥದ ಮಾತು ಹೇಳಿದರು. ಇಂಥದೇ ಇನ್ನೊಂದು ಸಂದರ್ಭದಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಬೇಡಿ ಎಂದು ಎಚ್ಚರಿಸಿದರು. ಅಲ್ಲಿ ಶಿಕ್ಷೆ ಶಿಕ್ಷೆಯಾಗಿಯೇ ಉಳಿಯಿತು, ಸಹೋದರ ಸಹೋದರನಾಗಿಯೇ ಉಳಿದ.

ಇನ್ನೊಬ್ಬರ ಐಬು ಮುಚ್ಚಿದವನ ಐಬನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬುದೂ ನಮಗೆಲ್ಲ ಗೊತ್ತಿರುವ ಹದೀಸೇ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಹೊಕ್ಕಿದೆ. ಐಬು ಮುಚ್ಚುವುದೆಂದರೆ ಬಜಾರಿನಲ್ಲಿ ಆಡಿಕೊಳ್ಳದಿರುವುದು, ಫೋನಿನಲ್ಲಿ ವಿಡಿಯೊ ಮಾಡಿ ಹಂಚದಿರುವುದು. ವೈದ್ಯರಿಂದ ಮುಚ್ಚುವುದು ಅದರಲ್ಲಿ ಸೇರುವುದಿಲ್ಲ. ತನ್ನ ಪಾಪವನ್ನು ತಾನೇ ಹೆಮ್ಮೆಯಿಂದ ಸಾರಿ ಹೇಳಬಾರದೆಂಬ ಹದೀಸೂ ಇದಕ್ಕೆ ಅಡ್ಡಿಯಲ್ಲ. ದವಾಖಾನೆಯಲ್ಲಿ ಹೇಳುವುದು ಹೆಮ್ಮೆಯಲ್ಲ, ಅದು ಚಿಕಿತ್ಸೆಯ ಅಗತ್ಯ. ವೈದ್ಯರು ಕೇಳಿದಾಗ ಏನು ಕುಡಿದ, ಎಷ್ಟು ಕುಡಿದ, ಎಷ್ಟು ಹೊತ್ತಾಯಿತು ಎಂದು ನೇರವಾಗಿ ಹೇಳಿ. ಕೊಡುವ ಔಷಧವೂ ಮಾಡುವ ಪರೀಕ್ಷೆಯೂ ಆ ಉತ್ತರದ ಮೇಲೆ ನಿಂತಿರುತ್ತವೆ.

ತಲೆಯ ಗಾಯದ ಬಗ್ಗೆಯೇ ಒಂದು ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆಮೇಲೆ ಅವರಿಗೆ ಗುಸ್ಲ್ ಕಡ್ಡಾಯವಾಯಿತು. ನನಗೆ ತಯಮ್ಮುಮ್ ನಡೆಯುತ್ತದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ನಡೆಯುವುದಿಲ್ಲ ಎಂದು ಅವರು ತಮಗೆ ತೋಚಿದಂತೆ ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿ(ಸ) ಬಹಳ ಕೋಪಗೊಂಡರು. ಅವರೇ ಅವನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅರಿಯದಿರುವುದಕ್ಕೆ ಕೇಳುವುದೇ ಮದ್ದಲ್ಲವೇ ಎಂಬರ್ಥದಲ್ಲಿ ಗದರಿಸಿದರು. ಸಹೋದರರೇ, ಆ ಸಂಗಡಿಗರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದ್ದೇ ಅವರ ತಪ್ಪು. ಮಲಗಲಿ ಬಿಡಿ, ನಶೆ ಇಳಿದರೆ ಸರಿಹೋಗುತ್ತದೆ ಎಂದು ನಾವು ಹೇಳುವುದೂ ಅಂಥದೇ ಫತ್ವಾ.

ಆದ್ದರಿಂದ ನಾನೂ ಕೇಳಿ ತಿಳಿದುಕೊಂಡು ಬಂದಿದ್ದೇನೆ. ವೈದ್ಯರು ಹೇಳುವುದನ್ನು ಮನೆಯ ಹೆಂಗಸರಿಗೂ ತಲುಪಿಸಿ.

ಮೊದಲನೆಯದು ತಲೆ. ಕುಡಿದವನ ತಲೆಗೆ ಪೆಟ್ಟು ಬಿದ್ದರೆ ಅದು ಸಣ್ಣದೆಂದು ಮನೆಯಲ್ಲಿ ತೀರ್ಮಾನಿಸಬಾರದು. ತಲೆಯೊಳಗೆ ರಕ್ತ ಸೋರಿದರೂ ಮನುಷ್ಯ ತೊದಲುತ್ತಾನೆ, ತೂರಾಡುತ್ತಾನೆ, ವಾಂತಿ ಮಾಡುತ್ತಾನೆ, ನಿದ್ದೆಗೆ ಜಾರುತ್ತಾನೆ. ನಶೆಯಲ್ಲೂ ಇದೇ ಆಗುತ್ತದೆ. ಯಾವುದು ಯಾವುದರಿಂದ ಎಂದು ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಸಕ್ಕರೆ ಕಾಯಿಲೆಯವನ ಸಕ್ಕರೆ ಇಳಿದರೂ ಹೀಗೆಯೇ ಕಾಣಬಹುದು. ಆದ್ದರಿಂದ ಅದೇ ರಾತ್ರಿ ತೋರಿಸಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ತಿಳಿನೀರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಕೈಕಾಲು ಬಲ ಕಳೆದುಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಕ್ಷಣ ಕಾಯದೆ 108ಕ್ಕೆ ಕರೆ ಮಾಡಿ. ವೈದ್ಯರು ನೋಡಿ ಮನೆಗೆ ಕಳಿಸಿದರೂ ಮರುದಿನವೆಲ್ಲ ಒಬ್ಬರು ಪಕ್ಕದಲ್ಲಿರಬೇಕು. ವಯಸ್ಸಾದವರಲ್ಲಿ ಮತ್ತು ವರ್ಷಗಟ್ಟಲೆ ಕುಡಿದವರಲ್ಲಿ ಒಳಗಿನ ರಕ್ತಸ್ರಾವ ನಿಧಾನವಾಗಿ ನಡೆದು, ದಿನಗಳು ಅಥವಾ ವಾರಗಳ ನಂತರ ತಲೆನೋವು, ಮರೆವು, ಗೊಂದಲವಾಗಿ ಕಾಣಿಸಿಕೊಳ್ಳುವುದುಂಟು.

ಎರಡನೆಯದು ಮಲಗಿಸುವುದು. ಮತ್ತಿನಲ್ಲಿರುವವನನ್ನು ಅಂಗಾತ ಮಲಗಿಸಬೇಡಿ. ವಾಂತಿ ಉಸಿರುನಾಳಕ್ಕೆ ಹೋಗಿ ಪ್ರಾಣ ಹೋಗಬಹುದು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಎತ್ತರದಿಂದ ಬಿದ್ದಿದ್ದರೆ, ಕುತ್ತಿಗೆ ನೋವೆಂದರೆ, ಆಂಬುಲೆನ್ಸ್ ಬರುವವರೆಗೆ ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ. ವಾಂತಿ ಬಂದರೆ ಮಾತ್ರ ತಲೆ, ಕುತ್ತಿಗೆ, ಮೈಯನ್ನು ಒಟ್ಟಿಗೇ ಹೊರಳಿಸಿ. ತಲೆಯ ಮೇಲೆ ತಣ್ಣೀರು ಸುರಿಯುವುದು, ನಿಂಬೆರಸ, ಮಜ್ಜಿಗೆ, ಕಾಫಿ ಕುಡಿಸುವುದು, ಇವುಗಳಿಂದ ನಶೆ ಇಳಿಯುವುದಿಲ್ಲ. ಯಕೃತ್ತು ತನ್ನ ವೇಗದಲ್ಲೇ ಅದನ್ನು ಕರಗಿಸುತ್ತದೆ. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಏನನ್ನೂ ಹಾಕಬೇಡಿ.

ಮೂರನೆಯದು ಕೈಕಾಲಿನ ತರಚು, ಸಣ್ಣಪುಟ್ಟ ಕೊಯ್ತ. ನಿಮ್ಮ ಕೈ ತೊಳೆದುಕೊಂಡು, ಗಾಯಕ್ಕೆ ಶುದ್ಧ ನೀರು ಹರಿಸಿ ಮಣ್ಣು ಹೋಗುವಂತೆ ತೊಳೆಯಿರಿ. ಸುತ್ತಲಿನ ಚರ್ಮವನ್ನು ಸಾಬೂನಿನಿಂದ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುಚಿಯಾದ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ, ಬೀಡಿಯ ಬೂದಿ, ಇವು ಯಾವುವೂ ಬೇಡ. ಬಾಟಲಿಯ ಗಾಜು ಆಳಕ್ಕೆ ಹೊಕ್ಕಿದ್ದರೆ ಕೀಳಬೇಡಿ. ಬಾಯಿ ಬಿಟ್ಟ ಗಾಯ, ಜೋಮು ಹಿಡಿದ ಬೆರಳು, ಹೊಡೆದಾಟದಲ್ಲಿ ಇನ್ನೊಬ್ಬನ ಹಲ್ಲು ತಾಗಿದ ಮುಷ್ಟಿ, ಇವನ್ನು ವೈದ್ಯರೇ ನೋಡಬೇಕು. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ಕೇಳಿಕೊಳ್ಳಿ. ಮಣ್ಣು ಹೊಕ್ಕ ಗಾಯವಾಗಿ, ಕೊನೆಯ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಮತ್ತೆ ಬೇಕಾಗುತ್ತದೆ. ಬೀದಿನಾಯಿ ಕಚ್ಚಿದ್ದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಹೋಗಿ. ಕುಡಿದವನಿಗೆ ಕಚ್ಚಿದ್ದು ಬೆಳಗ್ಗೆ ನೆನಪಿರದೇ ಇರಬಹುದು, ನೀವೇ ಮೈ ನೋಡಿ.

ನಾಲ್ಕನೆಯದು ಮಾತ್ರೆ. ಹೊಟ್ಟೆಯಲ್ಲಿ ಮದ್ಯ ಇರುವಾಗ ಅಂಗಡಿಯಿಂದ ತಂದ ನೋವಿನ ಮಾತ್ರೆ ಕೊಡಬೇಡಿ. ಕೆಲವು ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ, ಕೆಲವು ದಿನಾ ಕುಡಿಯುವವನ ಯಕೃತ್ತಿಗೆ ಹೊಡೆತ ಕೊಡುತ್ತವೆ. ನಿದ್ದೆಮಾತ್ರೆಯಂತೂ ಉಸಿರನ್ನೇ ನಿಲ್ಲಿಸಬಹುದು.

ಆಳಂದ, ಅಫಜಲಪುರ, ಜೇವರ್ಗಿ ಮೂರರಲ್ಲೂ ತಾಲೂಕು ಆಸ್ಪತ್ರೆ ಇದೆ. ದೊಡ್ಡ ತಪಾಸಣೆ ಬೇಕೆಂದರೆ ಕಲಬುರಗಿಯ ಜಿಮ್ಸ್‌ಗೆ ಕಳಿಸುತ್ತಾರೆ. ಆಳಂದದಿಂದಲೂ ಜೇವರ್ಗಿಯಿಂದಲೂ ಅದು ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಬೆಳಗಾಗಲಿ ಎಂದು ಕಾಯುವ ಮನೆಯವರು ಈ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೊಲೀಸ್ ಕೇಸಿನ ಹೆದರಿಕೆ ಬೇರೆ ಇದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಸ್ತೆ ಅಪಘಾತದಲ್ಲಿ ಬಿದ್ದವನನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ತಲುಪಿಸಿದವನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ಆದರೆ ಕುಡಿದು ಗಾಡಿ ಓಡಿಸುವುದು ಬೇರೆ ಮಾತು. ಅದಕ್ಕೆ ಜೈಲು, ದಂಡ ಎರಡೂ ಇವೆ, ಇರಲೇಬೇಕು. ಅಲ್ಲಿ ಅಪಾಯ ಕುಡಿದವನೊಬ್ಬನಿಗಲ್ಲ, ಎದುರು ಬರುವ ನಿರಪರಾಧಿಗೂ.

ಈಗ ಕುಡಿದ ಯುವಕನಿಗೆ ನನ್ನ ಮಾತು. ಅವನು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಮಗನೇ, ಕುಡಿದವನ ನಮಾಝ್ 40 ದಿನ ಸ್ವೀಕಾರವಾಗುವುದಿಲ್ಲ ಎಂಬುದನ್ನು ಕೇಳಿ ನೀನು 40 ದಿನ ಮಸೀದಿಯನ್ನೇ ಬಿಟ್ಟಿದ್ದೀಯಾ? ಅದು ಪುಣ್ಯ ಕಳೆದುಕೊಳ್ಳುವ ಎಚ್ಚರಿಕೆ, ನಮಾಝಿನಿಂದ ರಜೆಯಲ್ಲ ಎಂದು ಉಲಮಾಗಳು ವಿವರಿಸಿದ್ದಾರೆ. ತೌಬಾ ಮಾಡಿದವನನ್ನು ಅಲ್ಲಾಹನು ಸ್ವೀಕರಿಸುತ್ತಾನೆ ಎಂಬುದೂ ಅದೇ ಹದೀಸಿನಲ್ಲಿದೆ. ಅಮಲು ಪೂರ್ತಿ ಇಳಿದ ಮೇಲೆ ಬಾ, ತಪ್ಪಿದ ನಮಾಝ್‌ಗಳನ್ನು ಕಝಾ ಮಾಡು. ಗಾಯಕ್ಕೆ ಪಟ್ಟಿ ಕಟ್ಟಿದ್ದು, ನೀರು ತಾಗಿದರೆ ತೊಂದರೆ ಎಂದು ವೈದ್ಯರು ಹೇಳಿದ್ದರೆ ವುಝೂವಿನಲ್ಲಿ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕು. ಅದೂ ಆಗದಿದ್ದರೆ ಇಮಾಮರನ್ನು ಕೇಳು. ತಲೆಗೆ ಪಟ್ಟಿ ಕಟ್ಟಿಕೊಂಡು ಸಫ್‌ನಲ್ಲಿ ನಿಂತವನನ್ನು ಯಾರೂ ಏನಾಯಿತೆಂದು ಕೆದಕಿ ಕೇಳಬೇಡಿ. ಗೂಢಚರ್ಯೆ ಮಾಡಬೇಡಿ ಎಂದು ಕುರ್‌ಆನ್ ನಮಗೆ ಹೇಳಿದೆ (ಅಲ್‌ಹುಜುರಾತ್ 49:12).

ಇನ್ನೊಂದು ಮಾತು. ದಿನಾ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಗುವುದು, ಬೆವರುವುದು, ಫಿಟ್ಸ್, ಇಲ್ಲದ್ದು ಕಾಣುವುದು ಆಗಬಹುದು. ಅದನ್ನು ಜಿನ್ನ್, ಅಸರ್ ಎಂದು ಆಮಿಲರ ಬಳಿ ಒಯ್ಯಬೇಡಿ. ಅದು ದೇಹದ ಸ್ಥಿತಿ, ಚಿಕಿತ್ಸೆ ಇದೆ, ತಡಮಾಡಿದರೆ ಪ್ರಾಣಕ್ಕೆ ಅಪಾಯ. ತೌಬಾದ ಜೊತೆ ವೈದ್ಯರೂ ಬೇಕು. ಬಿಡಬೇಕೆಂಬ ಮನಸ್ಸಿದ್ದೂ ಯಾರನ್ನು ಕೇಳಬೇಕೆಂದು ತಿಳಿಯದವರು ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು.

ಸಹೋದರರೇ, ಆ ತಾಯಿ ಮುಂಜಾನೆ ಬಾಗಿಲಿಗೆ ಬಂದರು. ನಡುರಾತ್ರಿಯಲ್ಲೇ ಪಕ್ಕದ ಮನೆಯ ಬಾಗಿಲು ಬಡಿಯುವ ಧೈರ್ಯ ಅವರಿಗೆ ಇರಬೇಕಿತ್ತು. ಆ ಧೈರ್ಯ ಕೊಡಬೇಕಾದವರು ನಾವು. ಯಾರ ಮಗನಾದರೂ ಸರಿ, ನಡುರಾತ್ರಿ ಬಾಗಿಲು ಬಡಿದರೆ ಗಾಡಿ ತೆಗೆಯುತ್ತೇವೆ, ಬೆಳಗ್ಗೆ ಆ ಮಾತನ್ನು ಮರೆಯುತ್ತೇವೆ ಎಂದು ಇಂದು ಇಲ್ಲಿಂದ ಹೋಗುವಾಗ ನಿಯ್ಯತ್ ಮಾಡಿ.

ಯಾ ಅಲ್ಲಾಹ್, ನಮ್ಮ ಮಕ್ಕಳನ್ನು ಈ ಹೊಲಸಿನಿಂದ ದೂರವಿಡು. ಜಾರಿದವರಿಗೆ ತೌಬಾದ ಬಾಗಿಲು ತೋರಿಸು. ಗಾಯಗೊಂಡವರಿಗೆ ಶಿಫಾ ಕರುಣಿಸು. ನಮ್ಮ ನಾಲಿಗೆಗಳಿಂದ ನಮ್ಮ ಸಹೋದರರನ್ನು ಕಾಪಾಡು. ಆಮೀನ್.