ನಾಲ್ಕು ಸಲ ಮುಗಿದ ಕಥೆ

ನಾನಿರುವ ಸಟಾಣಾ ನಾಶಿಕ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಊರು. ಚಲಿಸುವ ಚಿತ್ರದ ಮಾತು ಬಂದಾಗ ಈ ಜಿಲ್ಲೆಗೆ ಹಿರಿತನವುಂಟು. ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ದಾದಾಸಾಹೇಬ್ ಫಾಳ್ಕೆ 'ರಾಜಾ ಹರಿಶ್ಚಂದ್ರ' ಮುಗಿಸಿ ನಾಶಿಕಕ್ಕೆ ಬಂದ ಮೇಲೆ, 1915ರಲ್ಲಿ ಬೆಂಕಿಕಡ್ಡಿಗಳನ್ನೇ ಆಡಿಸಿ 'ಆಗಕಾಡ್ಯಾಂಚೀ ಮೌಜ್' ಎಂಬ ಕಿರುಚಿತ್ರ ಮಾಡಿದರು. ಕಡ್ಡಿಯನ್ನು ತುಸು ಸರಿಸಬೇಕು, ಒಂದು ಚಿತ್ರ ಹಿಡಿಯಬೇಕು, ಮತ್ತೆ ಸರಿಸಬೇಕು. ಎಂಥ ತಾಳ್ಮೆಯ ಕೆಲಸ! ಆ ಚಿತ್ರದ ಪ್ರತಿ ಉಳಿಯಲಿಲ್ಲ. ಇನ್ನು ಅದನ್ನು ಯಾರೂ ಮತ್ತೆ ಎಬ್ಬಿಸಲಾರರು.

ಪ್ರತಿಗಳು ಉಳಿದದ್ದರಿಂದಲೇ ಮತ್ತೆ ಮತ್ತೆ ಎದ್ದುಬಂದ ಕಾರ್ಟೂನ್ ಧಾರಾವಾಹಿಯೊಂದಿದೆ, ಅಮೆರಿಕದ 'ಫ್ಯೂಚರಾಮಾ'. ಮ್ಯಾಟ್ ಗ್ರೇನಿಂಗ್ ಮತ್ತು ಡೇವಿಡ್ ಎಕ್ಸ್. ಕೋಹೆನ್ ಕಟ್ಟಿದ ಲೋಕ ಅದು. ಪಿಜ್ಜಾ ಹಂಚುವ ಫ್ರೈ ಎಂಬ ಹುಡುಗ 1999ರ ಕೊನೆಯ ರಾತ್ರಿ ಹೆಪ್ಪುಗಟ್ಟಿ ಸಾವಿರ ವರ್ಷದ ನಂತರ ಕಣ್ಣು ಬಿಡುತ್ತಾನೆ. ಒಂಟಿಗಣ್ಣಿನ ಲೀಲಾ, ತುಂಟ ಯಂತ್ರಮಾನವ ಬೆಂಡರ್ ಅವನ ಜೊತೆಗಾರರಾಗುತ್ತಾರೆ.

1999ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿದ ಫಾಕ್ಸ್ ವಾಹಿನಿ ಮುಂದೆ ಫುಟ್‌ಬಾಲ್ ಆಟ ಉದ್ದವಾದಾಗಲೆಲ್ಲ ಕಂತನ್ನೇ ಹಿಂದಕ್ಕೆ ಸರಿಸುತ್ತಿತ್ತು. ರದ್ದಾಯಿತೆಂದು ಬಾಯಿಬಿಟ್ಟು ಹೇಳಲೂ ಇಲ್ಲ, ಹೊಸ ಕಂತು ಕೊಳ್ಳುವುದನ್ನು ನಿಲ್ಲಿಸಿತು. 2003ಕ್ಕೆ 72 ಕಂತುಗಳಲ್ಲಿ ಕಥೆ ಮುಗಿಯಿತು. ಆಮೇಲೆ ಮರುಪ್ರಸಾರ ನೋಡಿದವರೂ ಡಿವಿಡಿ ಕೊಂಡವರೂ ಅದನ್ನು ಬದುಕಿಸಿದರು. 2007ರಿಂದ 2009ರವರೆಗೆ ನಾಲ್ಕು ಚಿತ್ರಗಳು ಬಂದವು; 2010ರಿಂದ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಹೊಸ ಕಂತುಗಳು. 2013ರಲ್ಲಿ ಅಲ್ಲೂ ನಿಂತಿತು. 2023ರ ಜುಲೈಯಲ್ಲಿ ಹುಲು ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಮತ್ತೆ ಶುರುವಾಯಿತು.

ನಾನು ಈ ಧಾರಾವಾಹಿಯನ್ನು ಮೆಚ್ಚುವುದು ಅದರ ಮುಕ್ತಾಯಗಳಿಗಾಗಿ. ಮುಂದೆ ಅವಕಾಶ ಸಿಗುವುದೋ ಇಲ್ಲವೋ ತಿಳಿಯದೆ, ಬರೆಯುವವರು ಮುಕ್ತಾಯವೆನ್ನಬಹುದಾದದ್ದನ್ನು ನಾಲ್ಕು ಬಾರಿ ಬರೆದರು. 2003ರದರಲ್ಲಿ ಫ್ರೈ ಲೀಲಾಳಿಗಾಗಿ ಒಂದು ಗೀತನಾಟಕ ಕಟ್ಟುತ್ತಾನೆ. ಅದು ಕೆಟ್ಟು, ಸಭಿಕರೆಲ್ಲ ಎದ್ದುಹೋದ ಮೇಲೂ ಅವಳೊಬ್ಬಳು ಕೊನೆ ಕೇಳಲು ಕೂತಿರುತ್ತಾಳೆ. 2009ರ ಚಿತ್ರದಲ್ಲಿ ಎಲ್ಲರೂ ಆಚೆ ಏನಿದೆಯೆಂದು ತಿಳಿಯದ ಬಿಲದೊಳಕ್ಕೆ ನೌಕೆ ನುಗ್ಗಿಸುತ್ತಾರೆ. 2011ರಲ್ಲಿ ಫ್ರೈ, ಲೀಲಾ ಇಬ್ಬರೂ ತಮ್ಮ ಹಣೆಬರಹವನ್ನು ಓದುತ್ತಾರೆ, ನಮಗೆ ಮಾತ್ರ ಹೇಳುವುದಿಲ್ಲ. ಇನ್ನು 2013ರ 'ಮೀನ್‌ವೈಲ್'. ಕಾಲವೇ ನಿಂತುಹೋಗಿ, ಸ್ತಬ್ಧ ಲೋಕದಲ್ಲಿ ಫ್ರೈ ಮತ್ತು ಲೀಲಾ ಇಬ್ಬರೇ ನಡೆದಾಡುತ್ತ ಮುದುಕರಾಗುತ್ತಾರೆ. ಕೊನೆಗೆ ಅವರ ಜೊತೆಯ ವಿಜ್ಞಾನಿ ಪ್ರೊಫೆಸರ್ ಬಂದು ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲೆ, ಆದರೆ ನಿಮಗೆ ಏನೂ ನೆನಪಿರದು ಎನ್ನುತ್ತಾನೆ. ಇನ್ನೊಂದು ಸುತ್ತು ಬರೋಣವೇ ಎಂದು ಫ್ರೈ ಕೇಳುತ್ತಾನೆ, ಲೀಲಾ ಒಪ್ಪುತ್ತಾಳೆ. ಮುಗಿಯಿತೆಂದರೆ ಮುಗಿಯಿತು, ಮುಂದುವರಿಯಿತೆಂದರೆ ಮುಂದುವರಿಯಿತು. ಅನಿಶ್ಚಯವನ್ನೇ ಹೀಗೆ ಕಲೆಯಾಗಿಸಿದ್ದನ್ನು ಟಿವಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

'ಮೀನ್‌ವೈಲ್' ಕಂತನ್ನೂ 2003ರ ಮುಕ್ತಾಯವನ್ನೂ ಬರೆದವರು ಕೆನ್ ಕೀಲರ್, ಗಣಿತದಲ್ಲಿ ಡಾಕ್ಟರೇಟ್ ಪಡೆದವರು. 2010ರಲ್ಲಿ ಅವರು ಬರೆದ ಒಂದು ಕಂತಿನಲ್ಲಿ ಪರಕಾಯ ಪ್ರವೇಶದ ಯಂತ್ರವೊಂದಿದೆ. ಒಮ್ಮೆ ಅದಲುಬದಲಾದ ಎರಡು ದೇಹಗಳು ಮತ್ತೆ ತಮ್ಮತಮ್ಮೊಳಗೆ ಬದಲಾಗುವಂತಿಲ್ಲ. ಎಷ್ಟೇ ಜನ ಕಲಸುಮೇಲೋಗರವಾದರೂ, ಹೊರಗಿನ ಇಬ್ಬರು ಸೇರಿದರೆ ಎಲ್ಲರೂ ತಂತಮ್ಮ ದೇಹಕ್ಕೆ ಮರಳಬಹುದೆಂದು ಕೀಲರ್ ಪ್ರಮೇಯವನ್ನೇ ಸಾಧಿಸಿದರು. ನಗಿಸುವ ಒಂದು ಕಂತಿಗಾಗಿ ಇಷ್ಟು ಶ್ರಮ!

ಹೀಗೆ ನಿಂತು ಮರಳಿದ್ದು 'ಫ್ಯೂಚರಾಮಾ' ಒಂದೇ ಅಲ್ಲ, ನಮ್ಮ 'ಮಾಲ್ಗುಡಿ ಡೇಸ್' ಕೂಡ ವರ್ಷಗಳ ನಂತರ ಮರಳಿತು. ಮೊದಲು ನಿರ್ದೇಶಿಸಿದ್ದ ಶಂಕರನಾಗ್ ತೀರಿಕೊಂಡಿದ್ದರು, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಬೆಳೆದು ದೊಡ್ಡವರಾಗಿದ್ದರು; 2006ರಲ್ಲಿ ಕವಿತಾ ಲಂಕೇಶ್ ಹೊಸ ಕಂತುಗಳನ್ನು ನಿರ್ದೇಶಿಸಿದರು. ಬರೆದ ಚಿತ್ರಕ್ಕೆ ವಯಸ್ಸಾಗುವುದಿಲ್ಲ, ಆದರೆ ಅದರ ಗಂಟಲಿಗೆ ಆಗುತ್ತದೆ. ಇಪ್ಪತ್ತೈದರ ಫ್ರೈಗೆ ಧ್ವನಿ ಕೊಡುವ ಬಿಲ್ಲಿ ವೆಸ್ಟ್‌ಗೆ 1999ರಲ್ಲಿ 46 ವರ್ಷ, 2023ರಲ್ಲಿ 71. ಬೆಂಡರ್‌ನ ಧ್ವನಿ ಜಾನ್ ಡಿಮ್ಯಾಜಿಯೋ 2022ರಲ್ಲಿ ಸಂಭಾವನೆ ಸಾಲದೆಂದು ಕೆಲವು ವಾರ ಹೊರಗುಳಿದರು. ಅವರು ಮಾಡಿದ್ದು ಸರಿಯೆಂದೇ ನನ್ನ ಎಣಿಕೆ. ಫಾಕ್ಸ್‌ನ ಆಸ್ತಿ 2019ರಲ್ಲಿ ಡಿಸ್ನಿಯ ಪಾಲಾಗಿ, ಮುಂದಿನ ಕಂತು ಬೇಕೋ ಬೇಡವೋ ಎಂಬುದೀಗ ಅವರ ಕೈಯಲ್ಲಿದೆ. ಧ್ವನಿಗಳಿಗೆ ಪ್ರಾಯ ಸಂದಿರುವಾಗ ಆ ತೀರ್ಮಾನವನ್ನು ಬೇಗ ಹೇಳಿಬಿಡುವುದು ಅವರ ಕರ್ತವ್ಯ. ಐದನೆಯ ಮುಕ್ತಾಯ ಬರೆಯಲು ಬರಹಗಾರರಿಗೆ ಬಿಡುವು ಬೇಕು.

'ಮೀನ್‌ವೈಲ್'ನಲ್ಲೇ ಬಿಡಬೇಕಿತ್ತು ಎನ್ನುವವರಿದ್ದಾರೆ. ಅದರಷ್ಟು ಒಳ್ಳೆಯ ಕೊನೆ ಮತ್ತೆ ಸಿಗುವುದು ಕಷ್ಟ, ನಿಜ. ಆದರೂ ಅದನ್ನು ನೋಡಿದ ಬೆನ್ನಿಗೇ 2023ರ ಮೊದಲ ಕಂತನ್ನು ನೋಡಿ. ನಿಂತಿದ್ದ ಕಾಲ ಅಲ್ಲಿಂದಲೇ ಮತ್ತೆ ಹೊರಡುತ್ತದೆ, ಮತ್ತು ಹಳೆಯದೊಂದು ಧಾರಾವಾಹಿಯನ್ನು ನಿಲ್ಲದಂತೆ ನಡೆಸಿಕೊಂಡು ಹೋಗುವ ಪಾಡೇ ಅಲ್ಲಿ ಕಥೆಯಾಗಿದೆ.